ಸೊರ್ರೆಂದು ಹೀರಿ ಉಗಿಯುವ ವಿದ್ಯೆ

ಸೊರ್ರೆಂದು ಸದ್ದು ಮಾಡಿ ಕಾಫಿ ಕುಡಿದರೆ ಬೆಂಗಳೂರಿನ ಜಯನಗರ, ಬನಶಂಕರಿಯ ಮನೆಗಳಲ್ಲಿ ಅಜ್ಜಿಯರು ಇವತ್ತಿಗೂ ಬೈಯುತ್ತಾರೆ. ಕಾಫಿಯ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರಿಗೆ ಮಾತ್ರ ಸದ್ದಿಲ್ಲದಿದ್ದರೆ ಕೆಲಸವೇ ಆಗುವುದಿಲ್ಲ. ದುಂಡನೆಯ ಚಮಚದಲ್ಲಿ ಒಂದಿಷ್ಟು ಕಪ್ಪು ಕಾಫಿ ಎತ್ತಿ, ತುಟಿಗೆ ತಾಗಿಸಿ, ಗಾಳಿಯ ಜೊತೆ ರಭಸದಿಂದ ಒಳಗೆಳೆಯುತ್ತಾರೆ. ಕಾಫಿ ತುಂತುರಾಗಿ ನಾಲಿಗೆಯ ತುಂಬ, ಅಂಗುಳದವರೆಗೆ ಹರಡುತ್ತದೆ. ಅದರ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿಗಳು. ಕಿತ್ತಳೆ ಸಿಪ್ಪೆ, ಬೆಲ್ಲ, ಮಲ್ಲಿಗೆ ಎಂದೆಲ್ಲ ಗುರುತು ಹಿಡಿಯುವುದು ಮೂಗು. ಸದ್ದು ಬರುವುದು ಆ ಮೂಗಿಗೆ ಕೆಲಸ ಕೊಡುವ ಗಡಿಬಿಡಿಯಲ್ಲಿ. ಒಂದೆರಡು ಕ್ಷಣ ಬಾಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗಿದು, ಮುಂದಿನ ಬಟ್ಟಲಿಗೆ ಹೋಗುತ್ತಾರೆ. ಸಾಲುಸಾಲು ಬಟ್ಟಲುಗಳನ್ನು ನೋಡಬೇಕಾದವರು ಎಲ್ಲವನ್ನೂ ನುಂಗಿದರೆ ರಾತ್ರಿ ನಿದ್ದೆ ಬಂದ ಹಾಗೆಯೇ!

ಇದಕ್ಕೆ ಕಪ್ಪಿಂಗ್ ಎನ್ನುತ್ತಾರೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ ಅಂಬೇಡ್ಕರ್ ವೀಧಿಯಲ್ಲಿ ಕಾಫಿ ಮಂಡಳಿಯ ಕಚೇರಿ ಸಿಗುತ್ತದೆ. ಈ ವಿದ್ಯೆ ನಮ್ಮಲ್ಲಿ ಬೆಳೆದದ್ದು ಆ ಮಂಡಳಿಯ ಆಶ್ರಯದಲ್ಲಿ. 1972ರಲ್ಲಿ ಸುನಾಲಿನಿ ಮೆನನ್ ಎಂಬ ಯುವತಿ ಅಲ್ಲಿ ರುಚಿ ನೋಡುವ ಕೆಲಸಕ್ಕೆ ಸೇರಿದರು. ಅಲ್ಲಿಯತನಕ ಅದು ಗಂಡಸರದೇ ಕೋಣೆ. ಏಷ್ಯಾದ ಮೊದಲ ವೃತ್ತಿಪರ ಮಹಿಳಾ ಕಾಫಿ ಟೇಸ್ಟರ್ ಎಂದು ಅವರನ್ನು ಇಂದು ಜಗತ್ತು ಗುರುತಿಸುತ್ತದೆ. ಮಂಡಳಿಯಲ್ಲಿ ಎರಡು ದಶಕ ದುಡಿದು, ಗುಣಮಟ್ಟ ವಿಭಾಗದ ಮುಖ್ಯಸ್ಥೆಯೂ ಆಗಿ, ಆಮೇಲೆ ಇದೇ ಬೆಂಗಳೂರಿನಲ್ಲಿ ‘ಕಾಫಿಲ್ಯಾಬ್’ ಕಟ್ಟಿದರು. ನಮ್ಮ ಊರಿನಲ್ಲಿ ಕ್ರಿಕೆಟಿಗನ ಹೆಸರಿನ ವೃತ್ತವಿದೆ. ಇಂಥ ನಾಲಿಗೆಯೊಂದು ಇಲ್ಲಿದೆ ಎಂಬುದು ಮಾತ್ರ ಫಿಲ್ಟರ್ ಕಾಫಿಗೆ ಪ್ರಾಣ ಬಿಡುವವರಿಗೂ ಗೊತ್ತಿಲ್ಲ.

ಪರೀಕ್ಷೆಯ ಕ್ರಮ ಮಡಿ ಅಡುಗೆಯಷ್ಟೇ ಕಟ್ಟುನಿಟ್ಟು. ಹದವಾಗಿ, ತಿಳಿ ಬಣ್ಣಕ್ಕೆ ಹುರಿದ ಬೀಜ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ. ಹಾಲಿಲ್ಲ, ಸಕ್ಕರೆಯಿಲ್ಲ, ಫಿಲ್ಟರ್ ಕೂಡ ಇಲ್ಲ. ಒಂದೇ ಮಾದರಿಗೆ ಐದು ಬಟ್ಟಲು, ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಪುಡಿ ಮಾಡಬೇಕು. ಏಕೆಂದರೆ ಕೊಳೆತ ಒಂದೇ ಬೀಜ ಒಂದು ಬಟ್ಟಲನ್ನು ಕೆಡಿಸಬಲ್ಲದು. ಎಲ್ಲ ಬೆರೆಸಿಬಿಟ್ಟರೆ ಆ ಕಳ್ಳ ಸಿಕ್ಕುವುದಿಲ್ಲ. ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಟ್ಟರೆ ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ಮೂಗನ್ನು ಬಟ್ಟಲಿಗೇ ತಂದು ಚಮಚದಿಂದ ಅದನ್ನು ಒಡೆದಾಗ ಏಳುವ ಪರಿಮಳವೇ ಮೊದಲ ಸಾಕ್ಷಿ. ಆಮೇಲೆ ಬಿಸಿ ಇದ್ದಾಗ, ಬೆಚ್ಚಗಾದಾಗ, ಆರಿದಾಗ ಮತ್ತೆಮತ್ತೆ ಹೀರುತ್ತಾರೆ. ಒಳ್ಳೆಯ ಕಾಫಿ ಆರುತ್ತ ಸಿಹಿಯಾಗುತ್ತದೆ. ಕೆಟ್ಟದ್ದರ ಬಣ್ಣ ಆಗಲೇ ಬಯಲು. ನೂರಕ್ಕೆ ಎಂಬತ್ತು ಅಂಕ ಮುಟ್ಟಿದರೆ ‘ಸ್ಪೆಷಾಲಿಟಿ’ ಪಟ್ಟ.

ಒಂದು ಕಾಲಕ್ಕೆ ತೋಟದವರಿಗೇ ತಮ್ಮ ಕಾಫಿಯ ರುಚಿ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದಾಗ, 1942ರ ಕಾಯ್ದೆಯಡಿ ಬೆಳೆಗಾರರೆಲ್ಲ ಬೆಳೆಯನ್ನು ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಾಯಿತು. ಬಾಬಾಬುಡನ್‌ಗಿರಿಯದೂ ಮಡಿಕೇರಿಯದೂ ದರ್ಜೆಯ ಪ್ರಕಾರ ಒಂದೇ ರಾಶಿಗೆ ಬಿತ್ತು. ಆ ಕಟ್ಟು ಪೂರ್ತಿ ಸಡಿಲವಾದದ್ದು 1996ರಲ್ಲಿ. ಆ ಮೇಲೆಯೇ ಬೆಳೆಗಾರರು ತಮ್ಮ ಮಾದರಿಯ ಚೀಲ ಹಿಡಿದು ಟೇಸ್ಟರ್‌ಗಳ ಬಾಗಿಲಿಗೆ ಬಂದದ್ದು. 2002ರಲ್ಲಿ ಮಂಡಳಿ ಉತ್ತಮ ಕಾಫಿಗೆ ಬಹುಮಾನ ಕೊಡಲು ಶುರುಮಾಡಿತು; 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ದಕ್ಕಿತು. ಅಷ್ಟಾಗಿಯೂ ಒಳ್ಳೆಯ ಬೀಜ ಹಡಗು ಹತ್ತುವುದೇ ಹೆಚ್ಚು.

ನಮ್ಮ ಪಾಲಿಗೆ ಉಳಿದದ್ದು ಕಾಫಿಪುಡಿ ಅಂಗಡಿ. ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ, ಗಾಂಧಿ ಬಜಾರಿನ ಕಡೆ, ಹುರಿಯುವ ವಾಸನೆಯೇ ಅಂಗಡಿಯ ಬೋರ್ಡು. ಗಿರಾಕಿ ಕೇಳುವುದು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ: “ಪೀಬೆರಿ, ಎಂಬತ್ತು–ಇಪ್ಪತ್ತು, ಕಾಲು ಕೇಜಿ.” ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದದ್ದು. ಕಾಣಲು ಚೆಂದ, ಸಮನಾಗಿ ಹುರಿಯುತ್ತದೆ. ಹಾಗೆಂದು ರುಚಿಗೆ ಅದೇ ಖಾತ್ರಿಯಲ್ಲ. ಇಪ್ಪತ್ತು ಎಂಬುದು ಚಿಕೋರಿ, ಒಂದು ಗಿಡದ ಬೇರು. ಡಿಕಾಕ್ಷನ್‌ಗೆ ಬಣ್ಣ, ಮಂದ ಕೊಡುತ್ತದೆ. ಚಿಕೋರಿ ಕಂಡರೆ ಮೂಗು ಮುರಿಯುವ ಹೊಸ ಕೆಫೆಗಳವರ ಹಾಗೆ ನಾನು ಮಾತಾಡುವುದಿಲ್ಲ. ಹಾಲು ಸೇರಿದ ಮೇಲೆ ಅದರ ಜೊತೆಗಾರಿಕೆ ಚೆನ್ನಾಗಿಯೇ ಇದೆ. ಆದರೆ ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಇಳಿಯಬಹುದು. ಆ ಮಟ್ಟದಲ್ಲಿ ಕುಡಿಯುತ್ತಿರುವುದು ಗಿಡದ ಬೀಜವನ್ನೋ ಬೇರನ್ನೋ ಎಂಬುದು ಜಗಳಕ್ಕೆ ಬಿಟ್ಟದ್ದು.

ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಆ ಅಂಗಡಿಗಳ ಜಾಗಕ್ಕೆ ಸೂಪರ್ ಮಾರ್ಕೆಟ್ಟಿನ ಪೊಟ್ಟಣ ಬರುತ್ತಿದೆ. ಪೊಟ್ಟಣದ ಮೇಲೆ ಚಿಕೋರಿಯ ಶೇಕಡಾವಾರು ನಮೂದಿಸುವುದು ಕಡ್ಡಾಯ. ಆದರೆ ಬೀಜ ಯಾವ ಸೀಮೆಯದೆಂದು ಬಹುಪಾಲು ಪೊಟ್ಟಣಗಳು ಹೇಳುವುದೇ ಇಲ್ಲ. ಕೇಳಿದರೆ ಉತ್ತರ ಸಿಗುವುದು ಇನ್ನೂ ಆ ಅಂಗಡಿಯ ಕಟ್ಟೆಯಲ್ಲಿ. ಆಸಕ್ತಿ ಇದ್ದವರಿಗೆ ಹುರಿಯುವ, ಕುದಿಸುವ ಪಾಠ ಹೇಳುವ ‘ಕಾಪಿ ಶಾಸ್ತ್ರ’ ಎಂಬ ತರಬೇತಿಯನ್ನು ಮಂಡಳಿ ನಡೆಸುತ್ತದೆ. ಅಷ್ಟು ದೂರ ಹೋಗದವರು ಮುಂದಿನ ಸಲ ಕಾಲು ಕೇಜಿ ಹೇಳುವಾಗ ಬೀಜ ಯಾವ ಊರಿನದು, ಯಾವತ್ತು ಹುರಿದದ್ದು ಎಂದು ಕೇಳಿ. ಜೊತೆಗೆ ಚಿಕೋರಿ ಇಲ್ಲದ ನೂರು ಗ್ರಾಂ ಬೇರೆ ಕಟ್ಟಿಸಿಕೊಳ್ಳಿ.