ಕಾಳು, ಹೊಟ್ಟು ಮತ್ತು 'ಕ್ರೈಸಿಸ್'

ವೈದ್ಯರು "ಸ್ಥಿತಿ ಕ್ರಿಟಿಕಲ್" ಎಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಸುದ್ದಿಯಲ್ಲಿ 'ಕ್ರೈಸಿಸ್' ಎಂದು ಕೇಳಿದರೂ ಹಾಗೆಯೇ. ಎಲ್ಲವೂ ಮುಗಿಯಿತೇನೋ ಎಂಬ ಭಯ. ಆದರೆ ಈ ಎರಡು ಪದಗಳ ತವರಾದ ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಇವುಗಳ ಅರ್ಥ ಅದಲ್ಲ. ಮತ್ತೇನು? ಬನ್ನಿ, ನೋಡೋಣ.

ಇವುಗಳ ಮೂಲ 'ಕ್ರಿನೇನ್' ಎಂಬ ಕ್ರಿಯಾಪದ. ಬೇರ್ಪಡಿಸು, ಆರಿಸು, ತೀರ್ಮಾನಿಸು ಎಂದು ಅದರ ಅರ್ಥ. ಹೋಮರನ 'ಇಲಿಯಡ್' ಕಾವ್ಯದಲ್ಲಿ ಕಣದ ಚಿತ್ರವೊಂದು ಬರುತ್ತದೆ. ಧಾನ್ಯದೇವತೆ ಡಿಮೀಟರ್ ಬೀಸುವ ಗಾಳಿಯಲ್ಲಿ ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುತ್ತಾಳೆ. ಅಲ್ಲಿರುವುದು ಇದೇ ಕ್ರಿಯಾಪದ. ಸುಗ್ಗಿಯಲ್ಲಿ ರಾಶಿ ತೂರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಈ ಕುಟುಂಬದ ಉಳಿದವರನ್ನು ನೋಡಿ. 'ಕ್ರಿಟೇಸ್' ಎಂದರೆ ತೀರ್ಪುಗಾರ; ಅಥೆನ್ಸಿನ ನಾಟಕ ಸ್ಪರ್ಧೆಗಳಲ್ಲಿ ಬಹುಮಾನ ನಿರ್ಧರಿಸುತ್ತಿದ್ದವರಿಗೂ ಇದೇ ಹೆಸರು. 'ಕ್ರಿಟೇರಿಯನ್' ತೀರ್ಪಿಗೆ ಬೇಕಾದ ಅಳತೆಗೋಲು. 'ಕ್ರಿಟಿಕೋಸ್' ತೂಗಿ ನೋಡಬಲ್ಲವನು. ಇಂದಿನ 'ಕ್ರಿಟಿಕ್', ಅಂದರೆ ವಿಮರ್ಶಕ. 'ಹುಪೊಕ್ರಿಟೇಸ್' ಎಂದರೆ ರಂಗದ ಮೇಲಿನ ನಟ. ಬದುಕಿನಲ್ಲೂ ವೇಷ ಹಾಕುವವನು ಎಂದು ಅರ್ಥ ಹಿಗ್ಗಿ, ಆ ಪದ ಇಂಗ್ಲಿಷಿನಲ್ಲಿ 'ಹಿಪೊಕ್ರಿಟ್' ಆಯಿತು, ನಮ್ಮ ಸೋಗಲಾಡಿ!

ಇನ್ನು 'ಕ್ರಿಸಿಸ್'. ಅದು ಬೇರ್ಪಡಿಸುವ ಕೆಲಸ, ತೀರ್ಮಾನ, ನ್ಯಾಯಾಲಯದ ತೀರ್ಪು. ಹಿಪೊಕ್ರಾಟಿಸನ ಪರಂಪರೆಯ ವೈದ್ಯರು ರೋಗಿಯ ಪಕ್ಕ ಕುಳಿತು ದಿನ ಎಣಿಸುತ್ತಿದ್ದರು. ರೋಗ ಇತ್ತ ವಾಲುವುದೋ ಅತ್ತ ವಾಲುವುದೋ ಎಂದು ನಿರ್ಧಾರವಾಗುವ ಗಳಿಗೆಯನ್ನು ಅವರು 'ಕ್ರಿಸಿಸ್' ಎಂದು ಕರೆದರು. ಆ್ಯಂಟಿಬಯೋಟಿಕ್ ಔಷಧಿಗಳು ಬರುವ ಮೊದಲು ನ್ಯುಮೋನಿಯಾ ರೋಗಿಯ ಜ್ವರ ಸುಮಾರು ಒಂದು ವಾರದ ಹೊತ್ತಿಗೆ ಥಟ್ಟನೆ ಇಳಿಯುವುದಿತ್ತು. ಈ ಚೇತರಿಕೆಯನ್ನೂ ವೈದ್ಯರು 'ಕ್ರೈಸಿಸ್' ಎಂದೇ ಬರೆಯುತ್ತಿದ್ದರು. ಅಂದರೆ ಆ ಪದದಲ್ಲಿ ಅಪಾಯದಷ್ಟೇ ಆಸೆಯೂ ಇತ್ತು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಉದಾಹರಣೆ. ಇಂಗಾಲದ ಡೈಆಕ್ಸೈಡಿನ 'ಕ್ರಿಟಿಕಲ್ ಟೆಂಪರೇಚರ್' ಸುಮಾರು 31 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಎಷ್ಟೇ ಒತ್ತಿದರೂ ಈ ಅನಿಲ ದ್ರವವಾಗದು, ಕೆಳಗಿದ್ದರೆ ಆದೀತು. ಇಲ್ಲೂ ಅದು ಎರಡು ಸ್ಥಿತಿಗಳನ್ನು ಬೇರ್ಪಡಿಸುವ ಗೆರೆ, ಅಷ್ಟೆ.

ನಮ್ಮ 'ವಿವೇಕ' ಪದವೂ ಸಂಸ್ಕೃತದಲ್ಲಿ 'ಬೇರ್ಪಡಿಸು' ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಹಾಗಾಗಿ ಮುಂದೆ ಪರೀಕ್ಷೆಯೋ ಮನೆಯ ತೊಂದರೆಯೋ 'ಕ್ರೈಸಿಸ್' ಎನಿಸಿದಾಗ ಕಣದಲ್ಲಿ ಮೊರ ಹಿಡಿದು ನಿಂತ ರೈತನನ್ನು ನೆನೆಯಿರಿ. ಗಾಳಿ ಬೀಸುತ್ತಿದೆ, ನಿಜ. ಆದರೆ ಕಾಳು ಯಾವುದು, ಹೊಟ್ಟು ಯಾವುದು ಎಂದು ತಿಳಿಯುವುದೂ ಗಾಳಿ ಬೀಸಿದಾಗಲೇ ಅಲ್ಲವೇ?