ಮೊಬೈಲ್ ‘ಆನ್’ ಎಂದಿತು, ತೋಟಕ್ಕೆ ನೀರು ಬಂತೇ?

ದೀಪಾವಳಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಪೈಪು ತೊಳೆಯುವ ಕೆಲಸ ಶುರುವಾಗುತ್ತದೆ. ಎಂಡ್‌ಕ್ಯಾಪ್ ಬಿಚ್ಚಿ ಕೆಸರು ಹೊರಬಿಡುವುದು, ಸ್ಪ್ರಿಂಕ್ಲರ್ ಜೆಟ್ಟಿನ ತೂತಿನಲ್ಲಿ ಸೇರಿಕೊಂಡ ಹುಳಗಳನ್ನು ಕೆದಕಿ ತೆಗೆಯುವುದು, ಫಿಲ್ಟರ್ ಉಜ್ಜುವುದು ಎಲ್ಲ ರೂಢಿಯ ಕೆಲಸ. ಕೈಯಲ್ಲಿ ತಿರುಗಿಸುತ್ತಿದ್ದ ಗೇಟ್‌ವಾಲ್ವಿನ ಜಾಗಕ್ಕೆ ಮೋಟಾರು ವಾಲ್ವೋ ಸೊಲೆನಾಯ್ಡ್ ವಾಲ್ವೋ ಬಂದಿರುವ ತೋಟಗಳಲ್ಲಿ ಮಾತ್ರ ಇನ್ನೊಂದು ಕೆಲಸ ಸೇರಿಕೊಂಡಿದೆ: ಮಳೆಗಾಲವಿಡೀ ಒದ್ದೆ ನೆಲದಲ್ಲಿ ಸುಮ್ಮನೆ ಕುಳಿತಿದ್ದ ವಾಲ್ವ್ ಈಗಲೂ ಹೇಳಿದಂತೆ ಕೇಳುತ್ತದೆಯೇ ಎಂದು ನೋಡುವುದು.

ಈ ವಾಲ್ವುಗಳು ಬಂದದ್ದು ಶೋಕಿಗಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಸಿಗುವುದು ದಿನದ ಕೆಲವೇ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಗುಡ್ಡದ ಇಳಿಜಾರಿನಲ್ಲಿ ಟಾರ್ಚು ಹಿಡಿದು ಒಂದು ವಾಲ್ವ್ ಮುಚ್ಚಿ ಇನ್ನೊಂದನ್ನು ತೆರೆಯಲು ಹೋಗುವವರಿಗೆ ಹಾವಿನ ಭಯ, ಹಂದಿಯ ಭಯ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದವರಿಬ್ಬರೇ ಎಂಬ ಪರಿಸ್ಥಿತಿಯಲ್ಲಿ ತಾನಾಗಿ ತೆರೆದು ಮುಚ್ಚುವ ವಾಲ್ವ್ ನಿಜವಾದ ಆಸರೆ. ಅದಕ್ಕೇ ಅದು ಕೈಕೊಟ್ಟರೆ ನಷ್ಟ ಸಣ್ಣದಲ್ಲ.

ಹನಿ ನೀರಾವರಿಯಲ್ಲಿ ಬೇಸಿಗೆಗೆ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕೆಂಬುದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. 2.7 ಮೀಟರ್ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಅಂದರೆ ದಿನಕ್ಕೆ ಹೆಚ್ಚುಕಡಿಮೆ 9ರಿಂದ 11 ಸಾವಿರ ಲೀಟರ್. ಏಪ್ರಿಲಿನ ಬಿಸಿಲಲ್ಲಿ ಒಂದು ಬ್ಲಾಕಿನ ವಾಲ್ವ್ ತೆರೆಯದೆ ದಿನಗಳು ಕಳೆದರೆ ಎಳೆಗೊನೆಯ ನಳ್ಳಿ ಉದುರಿದ ಮೇಲೆಯೇ ಗೊತ್ತಾಗುವುದು. ಮುಚ್ಚದೆ ಉಳಿದರೂ ಕಷ್ಟವೇ. ಒತ್ತಡ ಎರಡು ಕಡೆ ಹಂಚಿಹೋಗಿ ಎಲ್ಲಿಯೂ ಜೆಟ್ ಸರಿಯಾಗಿ ತಿರುಗುವುದಿಲ್ಲ. ಎಲ್ಲ ವಾಲ್ವೂ ಮುಚ್ಚಿಯೇ ಇದ್ದು ಪಂಪು ಓಡಿದರಂತೂ ಪೈಪು ಒಡೆಯಬಹುದು, ಪಂಪು ಕಾಯಬಹುದು.

ಮೋಸ ಆಗುವುದು ಮೊಬೈಲ್ ಪರದೆಯಲ್ಲಿ. ಅಲ್ಲಿ ‘ವಾಲ್ವ್ 3 ತೆರೆದಿದೆ’ ಎಂದು ಹಸಿರು ದೀಪ ಬಂದರೆ, ಬಹಳಷ್ಟು ವ್ಯವಸ್ಥೆಗಳಲ್ಲಿ ಅದರ ಅರ್ಥ ‘ತೆರೆಯಲು ಹೇಳಿದ್ದೇನೆ’ ಎಂದಷ್ಟೇ. ಕರೆಂಟು ವಾಲ್ವಿನವರೆಗೆ ಹೋಯಿತೇ, ವಾಲ್ವ್ ಅಲುಗಿತೇ, ನೀರು ಹರಿಯಿತೇ ಎಂಬ ಮೂರು ಪ್ರಶ್ನೆಗೂ ಬೇರೆ ಬೇರೆ ಉತ್ತರ ಬೇಕು. ಪರೀಕ್ಷೆಯನ್ನು ಕೊನೆಯ ಪ್ರಶ್ನೆಯಿಂದ ಶುರುಮಾಡುವುದೇ ಸರಿ. ಪಂಪು ಚಾಲೂ ಮಾಡಿ, ಒಂದೇ ಬ್ಲಾಕ್ ತೆರೆದು, ಆ ಲೈನಿನ ತುತ್ತತುದಿಯ ಜೆಟ್ಟಿನ ಬಳಿ ಹೋಗಿ ನಿಲ್ಲಬೇಕು. ಬಳಿಕ ಮುಚ್ಚಿರಬೇಕಾದ ಬ್ಲಾಕುಗಳ ತುದಿಯನ್ನೂ ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೆಯದನ್ನೇ.

ನೀರು ಬಾರದಿದ್ದರೆ ಸೊಲೆನಾಯ್ಡ್ ವಾಲ್ವಿನ ಬ್ಲೀಡ್ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ. ಆಗ ನೀರು ಬಂತೆಂದರೆ ಒಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್ ಕ್ಷೇಮ, ದೋಷ ಕಾಯಿಲಿನಲ್ಲೋ ವಯರಿನಲ್ಲೋ ಇದೆ. ವಯರನ್ನು ಕಂಟ್ರೋಲರಿನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿದರೆ 24 ವೋಲ್ಟ್ ಎ.ಸಿ. ಕಾಯಿಲು ಸಾಮಾನ್ಯವಾಗಿ 20ರಿಂದ 60 ಓಂ ತೋರಿಸುತ್ತದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಏನೂ ತೋರದಿದ್ದರೆ ಎಲ್ಲೋ ಕಡಿದಿದೆ. ಬ್ಯಾಟರಿಯ ಲ್ಯಾಚಿಂಗ್ ಕಾಯಿಲಿಗೆ ಈ ಲೆಕ್ಕ ಹೊಂದುವುದಿಲ್ಲ, ಅದರ ಓಂ ತೀರ ಕಡಿಮೆ. ವೋಲ್ಟೇಜನ್ನು ವಾಲ್ವಿನ ಬುಡದಲ್ಲಿ, ಕಾಯಿಲು ಜೋಡಿಸಿರುವಾಗಲೇ ಅಳೆಯಬೇಕು. ತುಕ್ಕು ಹಿಡಿದ ಜಾಯಿಂಟು ಬಿಡಿ ವಯರಿನಲ್ಲಿ ಪೂರ್ತಿ 24 ತೋರಿಸಿ, ಹೊರೆ ಬಿದ್ದೊಡನೆ ಕುಸಿಯುತ್ತದೆ. ಎಚ್ಚರಿಕೆ ಒಂದೇ: ಪಂಪಿನ 415 ವೋಲ್ಟ್ ಇರುವ ಪ್ಯಾನೆಲ್ಲನ್ನು ತೆರೆಯುವುದು ಎಲೆಕ್ಟ್ರೀಷಿಯನ್ನರ ಕೆಲಸ.

24 ವೋಲ್ಟಿನ ಸೊಲೆನಾಯ್ಡ್ ವಾಲ್ವ್ ಮುಚ್ಚದಿದ್ದರೆ ಸಾಮಾನ್ಯವಾಗಿ ವಯರನ್ನು ದೂರಿ ಫಲವಿಲ್ಲ. ಕುಮಾರಧಾರೆಯಿಂದಲೋ ಪಯಸ್ವಿನಿಯಿಂದಲೋ ಎತ್ತಿದ ನೀರಿನ ಸಣ್ಣ ಮರಳು, ಕೊಳವೆಬಾವಿ ನೀರಿನ ಕಬ್ಬಿಣದ ಕೆಂಪು ಕಿಟ್ಟ ಡಯಾಫ್ರಾಮಿನ ಕಿರುರಂಧ್ರದಲ್ಲಿ ಕಟ್ಟಿಕೊಂಡಿರುತ್ತದೆ. ಮುಚ್ಚಳ ಬಿಚ್ಚಿ, ತೊಳೆದು, ಸ್ಪ್ರಿಂಗನ್ನು ಇದ್ದಂತೆಯೇ ಕೂರಿಸಿದರೆ ಎಷ್ಟೋ ವಾಲ್ವು ಸರಿಹೋಗುತ್ತವೆ.

ಮೋಟಾರು ಬಾಲ್ ವಾಲ್ವಿನ ಪರೀಕ್ಷೆ ಬೇರೆ. ಗಿಯರಿನ ಸದ್ದು ಕೇಳಬೇಕು, ಸೂಚಕದ ಮುಳ್ಳು ಕಾಲು ಸುತ್ತು ತಿರುಗಿ ತುದಿಯಲ್ಲಿ ತಾನಾಗಿ ನಿಲ್ಲಬೇಕು. ಸದ್ದಿದ್ದೂ ಮುಳ್ಳು ಅಲುಗದಿದ್ದರೆ ಗಿಯರು ಸವೆದಿದೆ. ತುದಿ ಮುಟ್ಟಿದ ಮೇಲೂ ಮೋಟಾರು ಗುಂಯ್‌ಗುಡುತ್ತಿದ್ದರೆ ಲಿಮಿಟ್ ಸ್ವಿಚ್ ಕೆಟ್ಟಿದೆ.

ಬ್ರಿಟನ್ನಿನಲ್ಲಿ ನೆಲೆಸಿದ ಕರಾವಳಿಯವರ ಮನೆಯಲ್ಲೂ ಇದರ ಸೋದರ ಸಂಬಂಧಿಯೊಂದಿದೆ. ಚಳಿಗಾಲದಲ್ಲಿ ಬಾಯ್ಲರಿನ ಬಿಸಿನೀರನ್ನು ಕೋಣೆಗಳ ರೇಡಿಯೇಟರಿಗೆ ಬಿಡುವ ಸ್ಪ್ರಿಂಗ್ ವಾಲ್ವ್ ಅದು. ಕರೆಂಟಿಲ್ಲದಾಗ ಅದರ ಲಿವರನ್ನು ತಳ್ಳಿದರೆ ಸ್ಪ್ರಿಂಗಿನ ಬಿಗಿ ಸಿಗುತ್ತದೆ. ಮೋಟಾರು ತೆರೆದಿದ್ದರೆ ಸಡಿಲವಾಗಿ ಆಡುತ್ತದೆ. ವಾಲ್ವಿನ ಎರಡೂ ಬದಿ ಪೈಪು ಮುಟ್ಟಿ ಬಿಸಿ ದಾಟಿದೆಯೇ ಎಂದು ನೋಡುತ್ತಾರೆ. ಅದರೊಳಗೆ ಪುಟ್ಟ ಸ್ವಿಚ್ಚೊಂದಿದ್ದು, ವಾಲ್ವ್ ನಿಜಕ್ಕೂ ತೆರೆದ ಮೇಲಷ್ಟೇ ಬಾಯ್ಲರಿಗೆ ‘ಉರಿ ಹೊತ್ತಿಸು’ ಎನ್ನುತ್ತದೆ. ತೋಟದ ವ್ಯವಸ್ಥೆಗೆ ಹಣ ಹಾಕುವವರು ಕೇಳಿ ಪಡೆಯಬೇಕಾದದ್ದು ಇಂಥದ್ದನ್ನೇ: ವಾಲ್ವ್ ತೆರೆದದ್ದು ಖಚಿತವಾದ ಮೇಲೆ ಪಂಪು ಶುರುವಾಗಬೇಕು. ಅದಿಲ್ಲದಿದ್ದರೆ ಮುಖ್ಯ ಪೈಪಿಗೆ ಪ್ರೆಶರ್ ಗೇಜ್, ನೀರಿನ ಮೀಟರನ್ನಾದರೂ ಹಾಕಿಸಬೇಕು. ಪ್ರತಿ ಬ್ಲಾಕಿನ ಒತ್ತಡವನ್ನು ಡಿಸೆಂಬರಿನಲ್ಲೇ ಬರೆದಿಟ್ಟರೆ ಮಾರ್ಚಿನಲ್ಲಿ ಹೋಲಿಸಲು ಲೆಕ್ಕವಿರುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲಿಗೆ ಕಂಟ್ರೋಲರ್ ಸುಟ್ಟರೂ ಮರಕ್ಕೆ ನೀರು ತಪ್ಪಬಾರದು. ಬ್ಲೀಡ್ ಸ್ಕ್ರೂ ಯಾವ ಕಡೆಗೆ ತಿರುಗಿಸಬೇಕು, ಮೋಟಾರು ವಾಲ್ವನ್ನು ಕೈಯಿಂದ ತಿರುಗಿಸುವ ಹಿಡಿ ಎಲ್ಲಿದೆ ಎಂಬುದನ್ನು ಮನೆಯ ಎಲ್ಲರಿಗೂ, ತೋಟದ ಕೆಲಸಕ್ಕೆ ಬರುವವರಿಗೂ ಈಗಲೇ ತೋರಿಸಿಕೊಡಬೇಕು. ಅದೇ ಕಂಪನಿಯ ಒಂದು ಡಯಾಫ್ರಾಮ್, ಒಂದು ಕಾಯಿಲು ಪಂಪ್‌ಶೆಡ್ಡಿನಲ್ಲಿ ಇರಲಿ.