ಮುಚ್ಚಿದ ಟೈರು ಕಾರ್ಖಾನೆಯಲ್ಲಿ ಮೊಳಗಿದ ಬ್ಲೂಸ್

ಇಬ್ಬರೇ ಇಬ್ಬರು. ಒಬ್ಬರ ಕೈಯಲ್ಲಿ ಗಿಟಾರು, ಇನ್ನೊಬ್ಬರ ಮುಂದೆ ಡ್ರಮ್ಮು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ 2001ರಲ್ಲಿ ಆರಂಭವಾದ ‘ದಿ ಬ್ಲ್ಯಾಕ್ ಕೀಸ್’ ತಂಡದ ಬಂಡವಾಳ ಇಷ್ಟೇ. ಬಾಲ್ಯದಲ್ಲಿ ನೆರೆಹೊರೆಯವರಾಗಿದ್ದ ಡ್ಯಾನ್ ಆರ್ಬಾಕ್ ಮತ್ತು ಪ್ಯಾಟ್ರಿಕ್ ಕಾರ್ನಿ ತಮ್ಮ ಮೊದಲ ಆಲ್ಬಮ್ ‘ದಿ ಬಿಗ್ ಕಮ್ ಅಪ್’ ಅನ್ನು ಮನೆಯ ನೆಲಮಾಳಿಗೆಯಲ್ಲೇ ಧ್ವನಿಮುದ್ರಿಸಿ 2002ರಲ್ಲಿ ಹೊರತಂದರು. ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಸಿಕ್ಕ ಸಲಕರಣೆಗಳಲ್ಲಿ ಒರಟಾಗಿ ನುಡಿಸುವ ಈ ಬಗೆಗೆ ಗ್ಯಾರೇಜ್ ರಾಕ್ ಎಂದೇ ಹೆಸರು.

ಆಕ್ರನ್ ಒಂದು ಕಾಲಕ್ಕೆ ಜಗತ್ತಿನ ರಬ್ಬರ್ ರಾಜಧಾನಿ ಎನಿಸಿಕೊಂಡಿದ್ದ ಊರು. ಗುಡ್‌ಇಯರ್, ಫೈರ್‌ಸ್ಟೋನ್ ಟೈರುಗಳ ತವರು. ಅಲ್ಲಿನ ಜನರಲ್ ಟೈರ್ ಕಾರ್ಖಾನೆಯ ಬಾಗಿಲು ಮುಚ್ಚಿದ್ದು 1982ರಲ್ಲಿ. ನಮ್ಮ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾದುದೂ ಅದೇ ವರ್ಷ. ಪರೇಲ್, ಲಾಲ್‌ಬಾಗ್‌ಗಳ ಹೊಗೆ ನಿಂತ ಚಿಮಣಿಗಳನ್ನು ಕಂಡವರಿಗೆ ಆಕ್ರನ್ ಹೇಗಿದ್ದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಪಾಳು ಕಾರ್ಖಾನೆಯ ಕೋಣೆಯೊಂದರಲ್ಲಿ ಧ್ವನಿಮುದ್ರಣಗೊಂಡ ಮೂರನೇ ಆಲ್ಬಮ್ಮಿಗೆ ಇವರು ಇಟ್ಟ ಹೆಸರು ‘ರಬ್ಬರ್ ಫ್ಯಾಕ್ಟರಿ’ (2004).

ಆದರೆ ಸಂಗೀತದ ಬೇರು ಆಕ್ರನ್‌ನದಲ್ಲ. ಅದು ದೂರದ ಮಿಸಿಸಿಪ್ಪಿಯ ಗುಡ್ಡಗಾಡಿನದು. ಅಲ್ಲಿನ ಕಪ್ಪು ಜನಾಂಗದ ಜೂನಿಯರ್ ಕಿಂಬ್ರೋ, ಆರ್.ಎಲ್. ಬರ್ನ್‌ಸೈಡ್ ಹಾಡುತ್ತಿದ್ದ ಬ್ಲೂಸ್ ಡ್ಯಾನ್ ಅವರನ್ನು ಹಿಡಿದುಬಿಟ್ಟಿತ್ತು. ಜೀವಮಾನವಿಡೀ ನುಡಿಸಿದ ಕಿಂಬ್ರೋ ಅವರ ಮೊದಲ ಆಲ್ಬಮ್ ಬಂದುದು 1992ರಲ್ಲಿ, ಅರವತ್ತು ದಾಟಿದ ಮೇಲೆ. 1998ರಲ್ಲಿ ಅವರು ತೀರಿಕೊಂಡರು. ಚುಲಹೋಮಾ ಎಂಬಲ್ಲಿ ಅವರು ನಡೆಸುತ್ತಿದ್ದ ಸಂಗೀತದ ಅಡ್ಡೆಯೂ 2000ದಲ್ಲಿ ಬೆಂಕಿಗೆ ಆಹುತಿಯಾಯಿತು.

ಕಪ್ಪು ಜನರ ಹಾಡಿನಿಂದ ಬಿಳಿಯರು ಹೆಸರು, ಹಣ ಗಳಿಸಿದರೆಂಬ ದೂರು ರಾಕ್ ಸಂಗೀತದಷ್ಟೇ ಹಳೆಯದು; ಅದರಲ್ಲಿ ಸತ್ಯವೂ ಇದೆ. ಈ ಜೋಡಿಯನ್ನೂ ಆ ಪ್ರಶ್ನೆಯಿಂದ ಪೂರ್ತಿ ಬಿಡುವಂತಿಲ್ಲ. ಆದರೂ ಇವರು ಸಾಲವನ್ನು ಮುಚ್ಚಿಟ್ಟವರಲ್ಲ ಎಂಬುದು ಉಲ್ಲೇಖನೀಯ. 2006ರಲ್ಲಿ ಕಿಂಬ್ರೋ ಅವರ ಹಾಡುಗಳನ್ನೇ ನುಡಿಸಿ ‘ಚುಲಹೋಮಾ’ ಹೆಸರಿನಲ್ಲಿ ಹೊರತಂದರು. ಅದರ ಕೊನೆಯಲ್ಲಿ ಕಿಂಬ್ರೋ ಅವರ ಪತ್ನಿ ಫೋನಿನಲ್ಲಿ ಆಡಿದ ಮೆಚ್ಚುಗೆಯ ಮಾತೂ ಇದೆ.

2010ರ ‘ಬ್ರದರ್ಸ್’ ಮೂರು ಗ್ರ್ಯಾಮಿ ತಂದುಕೊಟ್ಟಿತು. ದೊಡ್ಡ ಮೈದಾನಗಳು, ನ್ಯಾಶ್‌ವಿಲ್‌ನಲ್ಲಿ ವಾಸ, ಎಲ್ಲವೂ ಬಂತು. ಹೀಗಿದ್ದೂ 2021ರಲ್ಲಿ ಹೊರಬಂದ ‘ಡೆಲ್ಟಾ ಕ್ರೀಮ್’ ಮಾಡುವಾಗ ಪುನಃ ಅದೇ ಮಿಸಿಸಿಪ್ಪಿ ಹಾಡುಗಳಿಗೆ ಮರಳಿದರು. ಬರ್ನ್‌ಸೈಡ್ ಜೊತೆ ಗಿಟಾರ್ ನುಡಿಸಿದ್ದ ಕೆನ್ನಿ ಬ್ರೌನ್, ಕಿಂಬ್ರೋ ಜೊತೆ ಬಾಸ್ ನುಡಿಸಿದ್ದ ಎರಿಕ್ ಡೀಟನ್ ಅವರನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡರು. ಎರಡು ಮಧ್ಯಾಹ್ನಗಳಲ್ಲಿ ಕೆಲಸ ಮುಗಿದಿತ್ತು.